ಹಳಕಟ್ಟಿಯವರು ಕಟ್ಟಿದ ಬ್ಯಾಂಕು, ಹಳಕಟ್ಟಿಯವರು ಮಾರಿದ ಮನೆ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರತರುತ್ತಿರುವ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆಯಿರಿ ಎಂದು ಆಡಳಿತ ಮಂಡಳಿಯವರು ನಮಗೆ ಹೇಳಿದರು. ನಾವು ಒಕ್ಕಲುತನದವರು. ಎಸ್.ಎಸ್.ಎಲ್.ಸಿ. ತನಕ ಓದಿ ಹೊಲಕ್ಕೆ ಇಳಿದವರು. ಪಂಡಿತರ ಹಾಗೆ ಬರೆಯಲು ಬರುವುದಿಲ್ಲ. ಆದರೂ ನಿರ್ದೇಶಕರಾಗಿ ಸಂಘದ ಲೆಕ್ಕದ ಪುಸ್ತಕ ನೋಡುತ್ತ ಬಂದವರಿಗೆ ಒಂದು ವಿಷಯ ಹೇಳಬೇಕು ಅನ್ನಿಸಿತು. ಅದು ನಮ್ಮ ನೆರೆಯ ವಿಜಯಪುರದ ಒಬ್ಬ ವಕೀಲರ ಕಥೆ. ಅವರ ಹೆಸರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿ.

ಹೆಸರು ಕೇಳಿದ ಕೂಡಲೇ ಎಲ್ಲರೂ "ವಚನ ಪಿತಾಮಹರು" ಅಂತಾರೆ. ಖರೆ ಅದ. ಹಳ್ಳಿ ಹಳ್ಳಿ ತಿರುಗಿ ಶರಣರ ವಚನಗಳ ತಾಡವೋಲೆ ಕೂಡಿಸಿದ ಪುಣ್ಯಾತ್ಮರು ಅವರೇ. ಆದರೆ ಅವರು ಬ್ಯಾಂಕು ಕಟ್ಟಿದವರು, ಊರ ನಗರಸಭೆ ನಡೆಸಿದವರು, ಛಾಪಖಾನೆ ಹಾಕಿದವರು, ಮುಂಬಯಿ ಶಾಸನ ಸಭೆಯಲ್ಲಿ ಕುಳಿತವರು ಎಂಬ ಮಾತು ನಮ್ಮ ಮಂದಿಗೆ ಅಷ್ಟಾಗಿ ಗೊತ್ತಿಲ್ಲ. ಸಹಕಾರಿ ಸಂಘದವರಾದ ನಾವು ನೆನೆಯಬೇಕಾದದ್ದು ಆ ಹಳಕಟ್ಟಿಯವರನ್ನೂ ಹೌದು.

ಆಗಿನ ಬಯಲು ಸೀಮೆ

ಹಳಕಟ್ಟಿಯವರು ಹುಟ್ಟಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು, ಬರವಣಿಗೆ ಬಲ್ಲವರು. ಮಗ ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲು, 1876ರಲ್ಲಿ, ಧಾತು ಸಂವತ್ಸರದ ಬರ ಬಿದ್ದಿತ್ತು. ಎರಡು ವರ್ಷ ಬಿಡದೆ ಕಾಡಿದ ಆ ಬರದಲ್ಲಿ ವಿಜಯಪುರ, ಬಾಗಲಕೋಟೆ ಕಡೆಯ ಮಂದಿ ಗುಳೆ ಹೋದರು, ದನಕರು ಸತ್ತವು, ಊರೂರು ಖಾಲಿ ಆದವು. ಆಗ ಜಿಲ್ಲೆಯ ಹೆಸರು ಕಲಾದಗಿ. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಬಂತು. ಅದೇ ಸುಮಾರಿಗೆ ಹೋಟಗಿಯಿಂದ ಗದಗಿನ ತನಕ ರೈಲು ಹಳಿ ಬಿತ್ತು. ಆದಿಲ್‌ಶಾಹಿ ಬಾದಶಹರ ಕಾಲಕ್ಕೆ ಮೆರೆದು, 1686ರಲ್ಲಿ ಔರಂಗಜೇಬನ ಕೈ ಸೇರಿದ ಮೇಲೆ ಹಾಳು ಬಿದ್ದಿದ್ದ ಊರಿಗೆ ಕಚೇರಿ, ಕೋರ್ಟು, ಸ್ಟೇಶನ್ನು, ಹತ್ತಿ ಜೋಳದ ಪೇಟೆ ಬಂದವು. ಹಳೆಯ ಗುಮ್ಮಟಗಳ ನಡುವೆ ಒಂದು ಹೊಸ ಊರು ಎದ್ದಿತು ಎನ್ನಬಹುದು.

ನಮ್ಮ ಕಲಬುರಗಿಯ ಕಥೆಯೂ ಸುಮಾರು ಹೀಗೆಯೇ. ಬಹಮನಿ ಕೋಟೆಯ ಊರಿಗೆ 1871ರ ಹೊತ್ತಿಗೆ ಮುಂಬಯಿ–ಮದ್ರಾಸ್ ರೈಲು ಬಂತು, ಬಟ್ಟೆ ಮಿಲ್ಲು ಬಂತು, ಕಾಳುಕಡಿಯ ಪೇಟೆ ಬೆಳೆಯಿತು. ಆದರೆ ನಾವು ನಿಜಾಮರ ರಾಜ್ಯದವರು, ಅವರು ಮುಂಬಯಿ ಇಲಾಖೆಯವರು. ನಮ್ಮಲ್ಲಿ ಸರಕಾರದ ಕಾಗದ ಪತ್ರ ಎಲ್ಲ ಉರ್ದುವಿನಲ್ಲಿ. ಕನ್ನಡ ಶಾಲೆ ಹುಡುಕಿದರೂ ಸಿಗುವುದು ಕಷ್ಟ. ಅಂಥದ್ದರಲ್ಲಿಯೂ 1907ರಲ್ಲಿ ಕಲಬುರಗಿಯಲ್ಲಿ ನೂತನ ವಿದ್ಯಾಲಯ ಹುಟ್ಟಿತು ಎಂಬುದು ನಮ್ಮ ಹಿರಿಯರ ಧೈರ್ಯಕ್ಕೆ ಸಾಕ್ಷಿ.

ರೈಲು ಬಂದರೂ ಪೇಟೆ ಬೆಳೆದರೂ ರೈತನ ಹಾಡು ಎರಡೂ ಕಡೆ ಒಂದೇ. ಮಿರಗದ ಮಳೆಗೆ ಬೀಜಕ್ಕೆ ರೊಕ್ಕ ಬೇಕು. ಸಾವಕಾರ ಕೊಡುತ್ತಿದ್ದ. ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ. ರಾಶಿ ಆದ ಮೇಲೆ ಕಾಳು ಅವನ ಮನೆಗೇ ಹೋಗುತ್ತಿತ್ತು. ಎರಡು ವರ್ಷ ಮಳೆ ಕೈಕೊಟ್ಟರೆ ಹೊಲವೂ ಹೋಗುತ್ತಿತ್ತು. 1875ರಲ್ಲಿ ಪುಣೆ, ಅಹಮದನಗರ ಕಡೆಯ ರೈತರು ಸಿಟ್ಟಿಗೆದ್ದು ಸಾವಕಾರರ ಮನೆ ಹೊಕ್ಕು ಸಾಲದ ಕಾಗದಗಳನ್ನು ಸುಟ್ಟರು. ಅದರಿಂದ ಎಚ್ಚೆತ್ತು ಬ್ರಿಟಿಷ್ ಸರಕಾರ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯಿದೆ ತಂದಿತು. ಕಾಯಿದೆಯಿಂದ ಕೋರ್ಟಿನಲ್ಲಿ ರೈತನಿಗೆ ಸ್ವಲ್ಪ ಆಸರೆ ಸಿಕ್ಕಿತು. ಆದರೆ ಮುಂದಿನ ಬಿತ್ತಿಗೆಗೆ ರೊಕ್ಕ ಎಲ್ಲಿಂದ? ಅದಕ್ಕೆ ಕಾಯಿದೆಯಲ್ಲಿ ಉತ್ತರ ಇರಲಿಲ್ಲ.

ಜರ್ಮನಿಯ ಗೌಡ, ಕಣಗಿನಹಾಳದ ಗೌಡ

ಉತ್ತರ ಬಂದದ್ದು ದೂರದ ಜರ್ಮನಿಯಿಂದ. ಅಲ್ಲಿ ರೈಫೈಸನ್ ಎಂಬವರು ಒಂದು ಸಣ್ಣ ಊರಿನ ಮೇಯರ್. ನಮ್ಮ ಭಾಷೆಯಲ್ಲಿ ಊರ ಗೌಡ ಅನ್ನಿರಿ. 1846–47ರ ಬರಗಾಲದಲ್ಲಿ ಅವರು ಊರವರನ್ನು ಕೂಡಿಸಿ ಬಡವರಿಗೆ ರೊಟ್ಟಿ ಹಂಚುವ ಸಂಘ ಮಾಡಿದರು. ಕೆಲವು ವರ್ಷಗಳಲ್ಲಿ ಅವರಿಗೆ ಒಂದು ಸಂಗತಿ ತಿಳಿಯಿತು. ಶ್ರೀಮಂತರ ದಾನದ ಮೇಲೆ ನಿಂತ ಸಂಘ ಬಹಳ ದಿನ ಬಾಳುವುದಿಲ್ಲ. ಸಾಲ ಬೇಕಾದ ರೈತರೇ ಸದಸ್ಯರಾಗಿ, ಒಬ್ಬರಿಗೊಬ್ಬರು ಜಾಮೀನು ನಿಲ್ಲಬೇಕು. 1864ರಲ್ಲಿ ಹಾಗೆ ಒಂದು ಸಾಲದ ಸಂಘ ಮಾಡಿದರು. ಇಂದಿಗೂ ನಮ್ಮ ಪತ್ತಿನ ಸಂಘಗಳ ಮೂಲ ಅದೇ.

ಈ ದಾರಿ ನೋಡಿ ನಮ್ಮ ದೇಶದಲ್ಲಿ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟುಹಾಕಿದರು. ಭಾರತದ ಸಹಕಾರದ ಮೊದಲ ಹೆಜ್ಜೆ ಕನ್ನಡದ ಒಬ್ಬ ಹಳ್ಳಿಯ ಗೌಡ ಇಟ್ಟದ್ದು. ಇದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಇದೇ ಹೊತ್ತಿಗೆ ಹಳಕಟ್ಟಿಯವರು ಮುಂಬಯಿಯಲ್ಲಿ ಓದು ಮುಗಿಸಿದರು. 1901ರಲ್ಲಿ ಬಿ.ಎ., 1904ರಲ್ಲಿ ಕಾನೂನು ಪದವಿ. ಕೆಲವು ದಿನ ಬೆಳಗಾವಿಯಲ್ಲಿ ವಕೀಲಿ ಮಾಡಿ ವಿಜಯಪುರಕ್ಕೆ ಬಂದು ನೆಲೆಸಿದರು. ವಕೀಲಿಕೆ ಚೆನ್ನಾಗಿಯೇ ನಡೆಯಿತು. ಮುಂದೆ ಸರಕಾರಿ ವಕೀಲರೂ ಆದರು. ಹಾಗೆಯೇ ಇದ್ದಿದ್ದರೆ ಬಂಗಲೆ, ಹೊಲ, ಗಾಡಿ ಮಾಡಿಕೊಂಡು ಸುಖವಾಗಿ ಇರಬಹುದಿತ್ತು.

ಬ್ಯಾಂಕು ಮತ್ತು ಶಾಲೆ

1910ರಲ್ಲಿ, ಮೂವತ್ತನೆಯ ವಯಸ್ಸಿಗೆ, ಅವರು ಊರ ಪ್ರಮುಖರನ್ನು ಕೂಡಿಸಿಕೊಂಡು ವಿಜಯಪುರದ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆ, ಅಂದರೆ ಈಗ ನಾವು ಬಿ.ಎಲ್.ಡಿ.ಇ. ಎನ್ನುವ ಸಂಸ್ಥೆಗೆ ಬುನಾದಿ ಹಾಕಿದರು. ಹಳ್ಳಿಯ ಹುಡುಗರು ಪೇಟೆಗೆ ಬಂದು ಇಂಗ್ಲಿಷ್ ಶಾಲೆ ಕಲಿಯಲಿ ಎಂಬುದು ಉದ್ದೇಶ. ಹೆಸರು ಒಂದು ಸಮಾಜದ್ದು. ಆ ಕಾಲದ ಸಂಸ್ಥೆಗಳು ಬಹಳ ಮಟ್ಟಿಗೆ ಹಾಗೆಯೇ ಹುಟ್ಟಿದವು. ಇಂದು ಅಲ್ಲಿ ಎಲ್ಲ ಸಮಾಜದ ಮಕ್ಕಳೂ ಡಾಕ್ಟರು, ಇಂಜಿನಿಯರ್ ಆಗುತ್ತಿದ್ದಾರೆ. ಅಲ್ಲಿಯ ಇಂಜಿನಿಯರಿಂಗ್ ಕಾಲೇಜಿಗೆ ಹಳಕಟ್ಟಿಯವರದೇ ಹೆಸರು.

1912ರಲ್ಲಿ ಅವರು ವಿಜಯಪುರದಲ್ಲಿ ಶ್ರೀ ಸಿದ್ಧೇಶ್ವರ ಬ್ಯಾಂಕು ಸ್ಥಾಪಿಸಿದರು. ಅದೇ ವರ್ಷ ಸರಕಾರ ಸಹಕಾರದ ಕಾಯಿದೆಯನ್ನು ಹೊಸದಾಗಿ ಬರೆಯಿತು. ಮೊದಲಿನ 1904ರ ಕಾಯಿದೆಯಲ್ಲಿ ಪತ್ತಿನ ಸಂಘಗಳಿಗೆ ಮಾತ್ರ ಅವಕಾಶ ಇತ್ತು. 1912ರ ಕಾಯಿದೆ ಮಾರಾಟ, ಖರೀದಿ, ನೇಕಾರಿಕೆ ಮುಂತಾದ ಎಲ್ಲ ಬಗೆಯ ಸಹಕಾರಿ ಸಂಘಗಳಿಗೆ, ಸಂಘಗಳ ಒಕ್ಕೂಟಗಳಿಗೆ ಬಾಗಿಲು ತೆರೆಯಿತು. ಹಳಕಟ್ಟಿಯವರು ಬ್ಯಾಂಕಿಗೆ ನಿಲ್ಲದೆ ಒಕ್ಕಲಿಗರ, ನೇಕಾರರ ಸಹಕಾರಿ ಕೆಲಸಗಳಿಗೂ ಕೈ ಹಾಕಿದರು.

ಈಗಿನ ಹುಡುಗರಿಗೆ ಬ್ಯಾಂಕು ಅಂದರೆ ಮೊಬೈಲಿನಲ್ಲಿ ಬರುವ ಸಂದೇಶ. ಆಗ ಹಾಗಲ್ಲ. ಊರ ವರ್ತಕ, ಮಾಸ್ತರ, ಸಣ್ಣ ಕಸಬಿನವ ತಾನು ಕಷ್ಟಪಟ್ಟು ಉಳಿಸಿದ ಹತ್ತು ರೂಪಾಯಿಯನ್ನು ಮಡಕೆಯಲ್ಲಿಟ್ಟು ನೆಲದಲ್ಲಿ ಹೂಳುವ ಬದಲು ಇನ್ನೊಬ್ಬರ ಕೈಗೆ ಕೊಡಬೇಕು. ಯಾರನ್ನು ನಂಬಿ ಕೊಡಬೇಕು? ಬ್ಯಾಂಕಿನ ಕಟ್ಟಡ ನೋಡಿ ಯಾರೂ ಕೊಡುವುದಿಲ್ಲ, ಕೂತವರ ನಡತೆ ನೋಡಿ ಕೊಡುತ್ತಾರೆ. ಆ ನಂಬಿಕೆಯನ್ನು ಗಳಿಸಿದ್ದೇ ಹಳಕಟ್ಟಿಯವರ ದೊಡ್ಡ ವ್ಯಾಪಾರ. ಷೇರು ಕೂಡಿಸುವುದು, ಠೇವಣಿ ಪಡೆಯುವುದು, ಜಾಮೀನುದಾರರನ್ನು ನೋಡಿ ಸಾಲ ಕೊಡುವುದು, ಲಾಭದಲ್ಲಿ ಒಂದು ಪಾಲು ಕಾಯ್ದಿಟ್ಟ ನಿಧಿಗೆ ಹಾಕುವುದು. ನಾವು ಇಂದು ನಮ್ಮ ಸಂಘದಲ್ಲಿ ಮಾಡುವ ಕೆಲಸವೂ ಇದೇ ಅಲ್ಲವೇ?

ಊರ ನೀರು, ಊರ ರಾಜಕಾರಣ

ಹಳಕಟ್ಟಿಯವರು ವಿಜಯಪುರ ನಗರಸಭೆಯ ಸದಸ್ಯರಾಗಿ, ಅಧ್ಯಕ್ಷರಾಗಿ ಕೆಲಸ ಮಾಡಿದರು. ವಿಜಯಪುರಕ್ಕೆ ನೀರು ಎಂಬುದು ಆದಿಲ್‌ಶಾಹಿ ಕಾಲದಿಂದಲೂ ತಲೆನೋವು. ಬಾದಶಹರು ತೊರವಿಯಿಂದ ನೆಲದೊಳಗೆ ಸುರಂಗ ಕೊರೆಸಿ ನೀರು ತಂದಿದ್ದರು, ಬೇಗಂ ತಲಾಬ್ ಕಟ್ಟಿಸಿದ್ದರು. ಊರೂರಿಗೆ ದೊಡ್ಡ ಬಾವಡಿಗಳು ಇದ್ದವು. ರಾಜ್ಯ ಹೋದ ಮೇಲೆ ಸುರಂಗಗಳು ಹೂಳು ತುಂಬಿದವು. ಜಿಲ್ಲಾ ಕೇಂದ್ರ ಬಂದು ಜನ ಹೆಚ್ಚಾದಂತೆ ಕುಡಿಯುವ ನೀರಿಗೆ ಪರದಾಟ ಶುರುವಾಯಿತು. ಊರಿಗೆ ಭೂತನಾಳ ಕೆರೆಯ ನೀರು ಬಂದ ಕಥೆ ಹೇಳುವಾಗ ವಿಜಯಪುರದ ಮಂದಿ ಇಂದಿಗೂ ಹಳಕಟ್ಟಿಯವರ ಹೆಸರು ತೆಗೆಯುತ್ತಾರೆ.

ಮುಂದೆ ಅವರು ಮುಂಬಯಿ ಶಾಸನ ಸಭೆಯ ಸದಸ್ಯರಾದರು. ಕನ್ನಡ ಮಾತನಾಡುವ ಜಿಲ್ಲೆಗಳು ಆಗ ಮುಂಬಯಿ, ಮದ್ರಾಸ್, ಹೈದರಾಬಾದ್, ಮೈಸೂರು, ಕೊಡಗು ಎಂದು ಹರಿದು ಹಂಚಿ ಹೋಗಿದ್ದವು. ಅವೆಲ್ಲ ಒಂದಾಗಬೇಕು ಎಂಬ ಏಕೀಕರಣದ ಕೆಲಸದಲ್ಲಿ ಅವರೂ ದುಡಿದರು. ಬ್ರಿಟಿಷ್ ಸರಕಾರ ಅವರಿಗೆ ರಾವ್ ಸಾಹೇಬ, ರಾವ್ ಬಹಾದ್ದೂರ್ ಎಂಬ ಬಿರುದು ಕೊಟ್ಟಿತು. ಬಿರುದು ಪಡೆದವರು ಸರಕಾರದ ಕಡೆಯವರು ಅಂತ ಕೆಲವರು ಮೂಗು ಮುರಿಯಬಹುದು. ಅವರು ಜೈಲಿಗೆ ಹೋದ ಚಳವಳಿಗಾರರ ಸಾಲಿನವರಲ್ಲ, ಸಂಸ್ಥೆ ಕಟ್ಟುವವರ ಸಾಲಿನವರು. ನಾಡಿಗೆ ಎರಡೂ ಬಗೆಯವರು ಬೇಕಾಗಿತ್ತು. ನಮ್ಮ ಕಡೆ 1948ರ ಸಪ್ಟೆಂಬರ್ 17ರ ವಿಮೋಚನೆಯ ತನಕ ಹೋರಾಡಿದವರು ಬೇರೆ. ವಿಮೋಚನೆ ಆದ ಮೇಲೆ ಶಾಲೆ ಕಾಲೇಜು ಕಟ್ಟಿ ಈ ಹಿಂದುಳಿದ ಭಾಗವನ್ನು ಎತ್ತಿದವರು ಬೇರೆ. ಕಲಬುರಗಿಯ ಲೋಕಸಭಾ ಸದಸ್ಯರಾಗಿದ್ದ ಮಹಾದೇವಪ್ಪ ರಾಂಪುರೆಯವರು 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಸ್ಥಾಪಿಸಿದರು. 1963ರಲ್ಲಿ ಕಲಬುರಗಿಗೆ ವೈದ್ಯಕೀಯ ಕಾಲೇಜು ಬಂತು. ಅದಕ್ಕೆ ಈಗ ಅವರದೇ ಹೆಸರು. ಕಮಲಾಪುರ ಭಾಗದ ಎಷ್ಟೋ ಬಡವರ ಮಕ್ಕಳು ಆ ಸಂಸ್ಥೆಯ ಕಾಲೇಜುಗಳಲ್ಲಿ ಓದಿ ನೌಕರಿ ಹಿಡಿದಿದ್ದಾರೆ. ವಿಜಯಪುರದಲ್ಲಿ 1910ರಲ್ಲಿ ಆದ ಕೆಲಸ ನಮ್ಮಲ್ಲಿ ಆಗಲಿಕ್ಕೆ 1958 ಬರಬೇಕಾಯಿತು. ನಾವು ಎಷ್ಟು ಹಿಂದೆ ಉಳಿದಿದ್ದೆವು, ಯಾಕೆ ಉಳಿದಿದ್ದೆವು ಎಂಬುದಕ್ಕೆ ಈ ನಲವತ್ತೆಂಟು ವರ್ಷವೇ ಲೆಕ್ಕ.

ಮಾರಿದ ಮನೆ

ಈಗ ಕಥೆಯ ಕಷ್ಟದ ಭಾಗ. ವಕೀಲಿಕೆಯ ನಡುವೆಯೇ ಹಳಕಟ್ಟಿಯವರಿಗೆ ವಚನದ ಹುಚ್ಚು ಹಿಡಿಯಿತು. ಹಳ್ಳಿಗಳ ಮಠಗಳಲ್ಲಿ, ಮನೆಗಳ ಜಗಲಿಯ ಮೇಲೆ, ಜಂತಿಗೆ ಕಟ್ಟಿದ ಗಂಟುಗಳಲ್ಲಿ ತಾಡವೋಲೆಗಳು ಹುಳ ಹಿಡಿಯುತ್ತಿದ್ದವು. ಕೆಲವರು ಪೂಜೆ ಮಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಅಂಥವರನ್ನು ಒಲಿಸಿ ಓಲೆ ಪಡೆದು ನಕಲು ಮಾಡಿದರು. ಸಾವಿರಕ್ಕೂ ಹೆಚ್ಚು ಓಲೆಗರಿಯ ಕಟ್ಟುಗಳನ್ನು ಕೂಡಿಸಿದರು ಎನ್ನುತ್ತಾರೆ. ಅದಕ್ಕೆ ಮೊದಲು ಐವತ್ತರಷ್ಟು ವಚನಕಾರರ ಹೆಸರು ಮಾತ್ರ ತಿಳಿದಿತ್ತು. ಅವರ ಶ್ರಮದಿಂದ ಆ ಸಂಖ್ಯೆ ಇನ್ನೂರೈವತ್ತರ ಹತ್ತಿರ ಹೋಯಿತು. ಮಡಿವಾಳ, ಅಂಬಿಗ, ಮಾದಾರ, ಕಟ್ಟಿಗೆ ಮಾರುವವ, ದನ ಕಾಯುವವ, ಹೀಗೆ ದುಡಿಯುವ ಜನರ ಮಾತು ಎಂಟು ನೂರು ವರ್ಷದ ಮೇಲೆ ಮತ್ತೆ ನಮ್ಮ ಕಿವಿಗೆ ಬಿತ್ತು. ಅಕ್ಕಿ ಆಯುವ ಕಾಯಕದ ಮಾರಯ್ಯ ದಂಪತಿಗಳ ಕಥೆಯನ್ನು ಇಂದು ನಾವು ಸಹಕಾರಿ ಸಭೆಗಳಲ್ಲಿ ಹೇಳುತ್ತೇವೆ. ಕಾಯಕ, ದಾಸೋಹ ಅನ್ನುತ್ತೇವೆ. ಆ ಶಬ್ದಗಳನ್ನು ಪುಸ್ತಕವಾಗಿ ಮನೆ ಮನೆಗೆ ಮುಟ್ಟಿಸಿದ ಕೈಗಳಲ್ಲಿ ಹಳಕಟ್ಟಿಯವರ ಕೈ ಮೊದಲನೆಯದು.

ಅಚ್ಚು ಹಾಕಿಸುವುದು ಸುಲಭ ಇರಲಿಲ್ಲ. ಮೊದಲು ಮಂಗಳೂರಿಗೆ ಕಳಿಸಿದರು, ಅಲ್ಲಿ ಆಗಲಿಲ್ಲ. ಕಡೆಗೆ ಬೆಳಗಾವಿಯಲ್ಲಿ 1923ರಲ್ಲಿ 'ವಚನ ಶಾಸ್ತ್ರ ಸಾರ' ಮೊದಲ ಭಾಗ ಹೊರಬಂತು. ಇನ್ನೊಬ್ಬರ ಛಾಪಖಾನೆ ನಂಬಿ ಕುಳಿತರೆ ಕೆಲಸ ಸಾಗದು ಎಂದು ತಮ್ಮದೇ ಹಿತಚಿಂತಕ ಮುದ್ರಣಾಲಯ ಹಾಕಿದರು. ಅದಕ್ಕೆ ರೊಕ್ಕ? ಇದ್ದ ಮನೆ ಮಾರಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ, 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆ ಶುರು ಮಾಡಿದರು. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು. ಮಾನ ಸಿಕ್ಕಿತು, ಆದರೆ ಚಂದಾದಾರರು ಸಿಗಲಿಲ್ಲ. ಪುಸ್ತಕ ಮಾರಾಟವಾಗಲಿಲ್ಲ. ಊರಿಗೆ ಬ್ಯಾಂಕು ಕಟ್ಟಿದ ಮನುಷ್ಯ ಬಾಡಿಗೆ ಮನೆಯಲ್ಲಿ, ಹರಿದ ಕೋಟು ಹಾಕಿಕೊಂಡು, ಸೈಕಲ್ ಮೇಲೆ ತಿರುಗಾಡಿದರು. ಬ್ಯಾಂಕಿನ ಕೀಲಿಕೈ ಹತ್ತಿರ ಇದ್ದವರು ಬ್ಯಾಂಕಿನ ರೊಕ್ಕಕ್ಕೆ ಕೈ ಹಚ್ಚಲಿಲ್ಲ ಎಂಬುದಕ್ಕೆ ಆ ಹರಿದ ಕೋಟಿಗಿಂತ ದೊಡ್ಡ ಲೆಕ್ಕ ಪರಿಶೋಧನೆ ಬೇರೆ ಬೇಕೆ?

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅದೇ ವರ್ಷ ನವೆಂಬರ್ 1ಕ್ಕೆ ಅವರ ವಿಜಯಪುರವೂ ನಮ್ಮ ಕಲಬುರಗಿಯೂ ಒಂದೇ ರಾಜ್ಯದ ಜಿಲ್ಲೆಗಳಾದವು. ಆ ದಿನವನ್ನು ಅವರು ಕಣ್ಣಾರೆ ಕಂಡರು. 1964ರ ಜೂನ್ 29ರಂದು, ಎಂಬತ್ತನಾಲ್ಕು ತುಂಬಲು ಮೂರು ದಿನ ಇರುವಾಗ, ಲಿಂಗೈಕ್ಯರಾದರು. ಈಗ ಪ್ರತಿ ವರ್ಷ ಜುಲೈ 2ರಂದು ಅವರ ಜಯಂತಿಯನ್ನು ಸರಕಾರವೇ ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತದೆ.

ಎರಡು ಲೆಕ್ಕ

ಈ ಬದುಕಿನಲ್ಲಿ ಎರಡು ಲೆಕ್ಕ ನಮಗೆ ಕಾಣುತ್ತವೆ. ಒಂದು, ಸಿದ್ಧೇಶ್ವರ ಬ್ಯಾಂಕಿನದು ಮತ್ತು ಶಿಕ್ಷಣ ಸಂಸ್ಥೆಯದು. ಇನ್ನೊಂದು, ಛಾಪಖಾನೆಯದು. ಮಾಡಿದವರು ಒಬ್ಬರೇ, ನಿಷ್ಠೆಯೂ ಒಂದೇ. ಆದರೆ ಬ್ಯಾಂಕಿಗೆ ನೂರು ಮಂದಿಯ ಷೇರು ಇತ್ತು, ಛಾಪಖಾನೆಗೆ ಒಬ್ಬರ ಮನೆ ಮಾತ್ರ ಇತ್ತು. ಬ್ಯಾಂಕು ನೂರು ವರ್ಷ ದಾಟಿ ನಿಂತಿತು. ಛಾಪಖಾನೆ ಅವರನ್ನು ಬಡವರನ್ನಾಗಿ ಮಾಡಿತು. ಅಲ್ಲಿ ಅಚ್ಚಾದ ವಚನಗಳು ಉಳಿದವು, ನಾಡೇ ಶ್ರೀಮಂತ ಆಯಿತು. 1993ರಲ್ಲಿ ಸರಕಾರ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನ ಪ್ರಕಟಿಸಿತು. ಒಬ್ಬ ಮನುಷ್ಯ ಮನೆ ಮಾರಿ ಶುರು ಮಾಡಿದ್ದನ್ನು ಮುಂದುವರಿಸಲಿಕ್ಕೆ ಒಂದು ಸರಕಾರವೇ ಬೇಕಾಯಿತು ಎಂದಮೇಲೆ ಆ ಭಾರ ಎಷ್ಟಿತ್ತು ಎಂದು ಲೆಕ್ಕ ಹಾಕಿರಿ.

ಹಳಕಟ್ಟಿಯವರಂಥ ತ್ಯಾಗಿಗಳು ದಿನಾ ಹುಟ್ಟುವುದಿಲ್ಲ. ಹುಟ್ಟಿದರೂ ಅವರ ಮನೆ ಮಾರಿಸಿ ನಾವು ಓದುತ್ತ ಕೂಡುವುದು ಸರಿಯಲ್ಲ. ಅದಕ್ಕೇ ಸಹಕಾರ ಇರುವುದು. ಹತ್ತು ಮಂದಿಯ ಹೆಗಲಿಗೆ ಭಾರ ಹಂಚಿದರೆ ಒಬ್ಬನ ಬೆನ್ನು ಮುರಿಯುವುದಿಲ್ಲ.

ಇದನ್ನು ಯಾಕೆ ಹೇಳುತ್ತೇವೆ ಅಂದರೆ, ಈಚೆಗೆ ನಮ್ಮ ಊರಿನ ತರುಣರು "ಕಾಕಾ, ಇನ್ನು ಸಂಘ ಯಾಕ ಬೇಕ್ರೀ? ರೊಕ್ಕ ಫೋನಿನ್ಯಾಗ ಬರ್ತದ, ಗೊಬ್ಬರ ಅಂಗಡಿನ್ಯಾಗ ಸಿಗ್ತದ" ಅಂತಾರೆ. ಅವರ ಮಾತಿನಲ್ಲೂ ಅರ್ಥ ಇದೆ. ಸಂಘದ ಬಾಗಿಲು ಹೊತ್ತಿಗೆ ಸರಿಯಾಗಿ ತೆರೆಯದಿದ್ದರೆ, ಲೆಕ್ಕ ಸರಿ ಇಡದಿದ್ದರೆ ಯಾರು ಬರುತ್ತಾರೆ? ಆದರೆ ಫೋನಿನಲ್ಲಿ ಐದು ನಿಮಿಷಕ್ಕೆ ಸಿಗುವ ಸಾಲದ ಬಡ್ಡಿ ಎಷ್ಟು ಅಂತ ಒಮ್ಮೆ ಕೂಡಿಸಿ ನೋಡಲಿ. ಸಹಕಾರ ಸಂಘಗಳ ಮೂಲಕ ರೈತನಿಗೆ ಸಿಗುವ ಬಡ್ಡಿರಹಿತ ಬೆಳೆ ಸಾಲ, ಸಮಯಕ್ಕೆ ಕಟ್ಟಿದವನಿಗೆ ಮಾತ್ರ ಬಡ್ಡಿರಹಿತ ಎಂಬುದನ್ನೂ ನೆನಪಿಡಲಿ. ತೊಗರಿ ರಾಶಿ ಆದ ವಾರವೇ ದರ ಬಿದ್ದಾಗ, ಅಡತಿ ಅಂಗಡಿಯ ಮುಂದೆ ಒಬ್ಬನೇ ಚೀಲ ಇಳಿಸಿದವನ ಮಾತು ಯಾರೂ ಕೇಳುವುದಿಲ್ಲ. ನೂರು ಮಂದಿ ಕೂಡಿ ಮಾರಿದರೆ ಕೇಳುತ್ತಾರೆ. ನಮ್ಮ ಕಲಬುರಗಿ ತೊಗರಿ ಬೇಳೆಗೂ, ಕಮಲಾಪುರದ ಕೆಂಪು ಬಾಳೆಗೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಮಾನ್ಯತೆಯ ಕಾಗದ ಒಬ್ಬ ರೈತನ ಗೋಡೆಯ ಮೇಲೆ ತೂಗಿದರೆ ಹೊಟ್ಟೆ ತುಂಬುವುದಿಲ್ಲ. ಆ ಹೆಸರಿಗೆ ದರ ಬರಬೇಕಾದರೆ ಬೆಳೆದವರು ಕೂಡಬೇಕು, ಒಂದೇ ಗುಣಮಟ್ಟದ ಮಾಲು ಕೂಡಿಸಬೇಕು, ಕೂಡಿಯೇ ಮಾರಬೇಕು.

ನಮ್ಮ ದೇಶದ ಸಂವಿಧಾನದಲ್ಲಿ ಈಗ ಸಹಕಾರ ಸಂಘ ಕಟ್ಟುವುದು ಒಂದು ಮೂಲಭೂತ ಹಕ್ಕು. ವಿಶ್ವಸಂಸ್ಥೆ 2012ನ್ನೂ 2025ನ್ನೂ ಅಂತರರಾಷ್ಟ್ರೀಯ ಸಹಕಾರ ವರ್ಷ ಎಂದು ಸಾರಿತು. ಹಕ್ಕು ಬಂದಿದೆ, ಮಾನವೂ ಬಂದಿದೆ. ಇನ್ನು ಉಳಿದದ್ದು ನಡತೆ. ತೆಗೆದುಕೊಂಡ ಸಾಲವನ್ನು ಹೊತ್ತಿಗೆ ಕಟ್ಟುವುದು ಸದಸ್ಯನ ನಡತೆ. ಕಟ್ಟದವನು ಸಂಘದ ರೊಕ್ಕ ಹಿಡಿದಿಟ್ಟಿಲ್ಲ, ಮುಂದಿನ ಮಿರಗಕ್ಕೆ ಬೀಜ ಬೇಕಾದ ತನ್ನ ನೆರೆಹೊಲದವನ ರೊಕ್ಕ ಹಿಡಿದಿಟ್ಟಿದ್ದಾನೆ. ಸಭೆಗೆ ಬಂದು ಲೆಕ್ಕ ಕೇಳುವುದೂ ಸದಸ್ಯನ ನಡತೆಯೇ. ಕೇಳಿದಾಗ ಸಿಟ್ಟಾಗದೆ ಪುಸ್ತಕ ತೆರೆದು ತೋರಿಸುವುದು ನಿರ್ದೇಶಕರಾದ ನಮ್ಮ ನಡತೆ.

 ಹೊಸದಾಗಿ ಸದಸ್ಯರಾಗುವ ತರುಣರು, ಹೆಣ್ಣುಮಕ್ಕಳು ಈ ಸಂಚಿಕೆ ಓದಿ ಮುಂದಿನ ವಾರ್ಷಿಕ ಸಭೆಗೆ ತಪ್ಪದೆ ಬರಬೇಕು, ಮುಂದಿನ ಸಾಲಿನಲ್ಲಿ ಕುಳಿತು ಲೆಕ್ಕ ಕೇಳಬೇಕು ಎಂದು ವಿನಂತಿ. ಸಂಘ ಐವತ್ತು ತುಂಬುವಾಗ ಇದೇ ಜಾಗದಲ್ಲಿ ಬರೆಯುವವರು ಅವರೇ.

ಜೈ ಸಹಕಾರ. ಶರಣಾರ್ಥಿ.